ವಿಜಯದಶಮಿಗೆ ಹೊರಡುವ ವ್ಯಾನು

ಹದಿಮೂರು ವರ್ಷದ ವ್ಯಾನು, ಇಬ್ಬರು ಪ್ರಯಾಣಿಕರು, ಅರುವತ್ತು ದಿನ, 1,32,000 ರೂಪಾಯಿ. ಚಿಕ್ಕಬಳ್ಳಾಪುರದಿಂದ ಕಾಶ್ಮೀರದವರೆಗೆ ಒಂದೇ ಹೆದ್ದಾರಿಯಲ್ಲಿ ಹೋಗಿ ಬರುವ ಮೊದಲ ಯಾತ್ರೆಗೆ ಲೆಕ್ಕ ಹಾಕಲು ಕುಳಿತಾಗ ಸ್ಪಷ್ಟವಾದ ಸಂಗತಿ ಒಂದೇ: ಹಣ ಕರಗುವುದು ಚಕ್ರ ತಿರುಗುವಾಗ!

ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಬೆಳಗ್ಗೆ, ಊರಾಚೆಯ ಗ್ಯಾರೇಜಿನ ತಗಡಿನ ಮಾಡಿನ ಕೆಳಗೆ, ನಮ್ಮ ಬಿಳಿಯ ಮಾರುತಿ ಓಮ್ನಿಯ ಮುಂದಿನ ಸೀಟನ್ನು ಎತ್ತಿ ಹಿಂದಕ್ಕೆ ವಾಲಿಸಿ, ಅದರಡಿಯಲ್ಲಿ ಅಡಗಿರುವ ಎಂಜಿನ್ನಿನ ಮೇಲೆ ವೈದ್ಯನು ರೋಗಿಯ ಎದೆಗೆ ಕಿವಿಗೊಡುವಂತೆ ಬಾಗಿ ನಿಂತಿದ್ದ ಮೆಕ್ಯಾನಿಕ್ಕು ಬಹಳ ಹೊತ್ತು ಮಾತನಾಡಲಿಲ್ಲ. ರೇಡಿಯೇಟರಿನ ಹೋಸನ್ನು ಹಿಸುಕಿ ನೋಡಿದರು. ಬೆಲ್ಟಿನ ಬಿಗಿಯನ್ನು ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿದರು. ಆಯಿಲ್ ಅಳೆಯುವ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ಅದ್ದಿ, ಬೆಳಕಿಗೆ ಹಿಡಿದರು.

ಕೊನೆಗೆ ಕೈ ಒರೆಸಿಕೊಳ್ಳುತ್ತ, ‘ಗಾಡಿ ಕಾಶ್ಮೀರಕ್ಕೆ ಹೋಗ್ತದೆ ಮೇಷ್ಟ್ರೇ. ಆದ್ರೆ ಓಡಿಸ್ಬೇಡಿ, ನಡೆಸ್ಕೊಂಡು ಹೋಗಿ’ ಎಂದರು.

ಆರು ತಿಂಗಳಿಂದ ನಾನು ನಕ್ಷೆಗಳ ಮೇಲೆ ಬಗ್ಗಿ, ನೋಟುಬುಕ್ಕಿನ ಪುಟಗಳನ್ನು ತುಂಬಿಸಿ ಹುಡುಕುತ್ತಿದ್ದ ಯೋಜನೆಯೆಲ್ಲವೂ ಆ ಒಂದು ಮಾತಿನಲ್ಲಿ ಅಡಕವಾಗಿತ್ತು. ಎತ್ತನ್ನು ಬಲ್ಲವನು ಗಾಡಿಯನ್ನು ಓಡಿಸುವುದಿಲ್ಲ. ಮಜಲು ನೋಡಿ ನಡೆಸುತ್ತಾನೆ.

ನಾನು ಮೂವತ್ತೊಂದು ವರ್ಷ ಗಣಿತವನ್ನು ಬೋಧಿಸಿದ ಶಾಲೆಯ ಮಹಡಿಯ ಕಿಟಕಿಯಿಂದ ಹೆದ್ದಾರಿ ಕಾಣುತ್ತಿತ್ತು. ದಸರೆಯ ರಜೆ ಮುಗಿಸಿ ಮಕ್ಕಳು ಮರಳುವ ಹೊತ್ತಿಗೆ, ಮೈತುಂಬ ಹೂಬಳ್ಳಿಗಳನ್ನು ಬರೆಸಿಕೊಂಡ, ಜಮ್ಮು-ಕಾಶ್ಮೀರದ ನಂಬರನ್ನು ಹೊತ್ತ ಲಾರಿಗಳು ಸೇಬಿನ ಪೆಟ್ಟಿಗೆಗಳೊಡನೆ ಬೆಂಗಳೂರಿನ ಕಡೆಗೆ ಸಾಗುತ್ತಿದ್ದವು. ‘ಸಾರ್, ಇವು ಎಲ್ಲಿಂದ ಬರ್ತವೆ?’ ಎಂದು ಪ್ರತಿವರ್ಷವೂ ಯಾವನಾದರೊಬ್ಬ ಹುಡುಗ ಕೇಳುತ್ತಿದ್ದನು. ‘ಇದೇ ರಸ್ತೆಯ ಇನ್ನೊಂದು ತುದಿಯಿಂದ’ ಎಂದು ನಾನು ಪ್ರತಿವರ್ಷವೂ ಹೇಳುತ್ತಿದ್ದೆನು. ಆ ತುದಿಯನ್ನು ನಾನು ಕಂಡಿರಲಿಲ್ಲ.

ಬೆಂಗಳೂರಿನವರು ಬಳ್ಳಾರಿ ರಸ್ತೆಯೆಂದೂ, ನಮ್ಮ ಹಿರಿಯರು ಹೈದರಾಬಾದು ರಸ್ತೆಯೆಂದೂ ಕರೆಯುತ್ತಿದ್ದ ಈ ದಾರಿಯು, ಕಾಶಿಯಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಏಳನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗವಾಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆಗಳನ್ನು ಕೊಟ್ಟಾಗ, ಹಲವು ಹಳೆಯ ರಸ್ತೆಗಳ ತುಂಡುಗಳನ್ನು ಹೊಲಿದು, ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ 3,700 ಕಿಲೋಮೀಟರಿಗೂ ಮಿಕ್ಕಿದ ಒಂದೇ ಹೆದ್ದಾರಿಯನ್ನಾಗಿ ಮಾಡಿ, ಅದಕ್ಕೆ 44 ಎಂದು ಹೆಸರಿಟ್ಟರು. ದೇಶದ ಅತ್ಯಂತ ಉದ್ದದ ಹೆದ್ದಾರಿ ಅದು. ನಮ್ಮ ಮನೆಯಿಂದ ಶ್ರೀನಗರಕ್ಕೆ ಸುಮಾರು ಮೂರು ಸಾವಿರ ಕಿಲೋಮೀಟರು.

ಈ ರಸ್ತೆಗೂ ಗಣಿತಕ್ಕೂ ಒಂದು ಪುರಾತನ ನಂಟುಂಟು. ಬೆಂಗಳೂರು, ಕರ್ನೂಲು, ಹೈದರಾಬಾದು, ನಾಗಪುರ, ಸಾಗರ, ಝಾನ್ಸಿ, ಗ್ವಾಲಿಯರ್, ಆಗ್ರಾ – ಈ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಿದರೆ, ಎಲ್ಲವೂ 78 ಡಿಗ್ರಿ ರೇಖಾಂಶದ ಅಕ್ಕಪಕ್ಕದಲ್ಲಿಯೇ ಮಣಿಗಳಂತೆ ಪೋಣಿಸಿಕೊಂಡಿವೆ. 1802ರಲ್ಲಿ ಮದರಾಸಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದು, 1804ರಲ್ಲಿ ನಮ್ಮ ಬೆಂಗಳೂರಿನ ಬಳಿ ಮತ್ತೊಂದನ್ನು ಅಳೆದು, ಭರತಖಂಡದ ಬೆನ್ನೆಲುಬಿನುದ್ದಕ್ಕೂ ತ್ರಿಕೋನಗಳ ಸರಪಣಿಯನ್ನು ಹಾಸುತ್ತ ಉತ್ತರಕ್ಕೆ ನಡೆದ ಭೂಮಾಪಕ ವಿಲಿಯಂ ಲ್ಯಾಂಬ್ಟನ್ನನು ಹಿಡಿದದ್ದು ಇದೇ ರೇಖಾಂಶವನ್ನು.

ಕೋನಗಳನ್ನಳೆಯುವ ಅವನ ದೊಡ್ಡ ಥಿಯೊಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್ನು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಹಗ್ಗದಿಂದ ಎತ್ತುತ್ತಿದ್ದಾಗ, ಹಗ್ಗ ಹರಿದು ಯಂತ್ರವು ಗೋಡೆಗೆ ಅಪ್ಪಳಿಸಿ ಜಖಂಗೊಂಡಿತು. ಅವನು ವಾರಗಟ್ಟಲೆ ಕುಳಿತು, ಬಾಗಿದ ಅದರ ಚಕ್ರವನ್ನು ಕೈಯಾರೆ ನೇರ್ಪಡಿಸಿದನು. ಹೀಗೆ ಇಪ್ಪತ್ತು ವರ್ಷ ನಡೆದು, 1823ರ ಜನವರಿಯಲ್ಲಿ ನಾಗಪುರವನ್ನು ಮುಟ್ಟುವ ಮುನ್ನ, ಹಿಂಗನಘಾಟ್ ಎಂಬ ಊರಿನಲ್ಲಿ ಕಣ್ಮುಚ್ಚಿದನು. ನಮ್ಮ ಹೆದ್ದಾರಿ ಆ ಊರಿನ ಮೂಲಕವೇ ಹಾದುಹೋಗುತ್ತದೆ. ಬೆಂಗಳೂರಿನಿಂದ ಹಿಂಗನಘಾಟಿಗೆ ಕಾರಿನವರು ಒಂದೇ ದಿನದಲ್ಲಿ ಹೋಗಬಲ್ಲರು. ಲ್ಯಾಂಬ್ಟನ್ನನ ವೇಗಕ್ಕೂ ಈ ವೇಗಕ್ಕೂ ನಡುವೆ ಎಲ್ಲಿಯೋ ನಮ್ಮ ವ್ಯಾನಿನ ವೇಗವನ್ನು ನಿರ್ಧರಿಸಬೇಕಾಗಿತ್ತು.

ನಿರ್ಧಾರಕ್ಕೆ ನೆರವಾದದ್ದು ಹಣದ ಲೆಕ್ಕ.

ಮೊದಲು ನಾನು ಎಲ್ಲರಂತೆಯೇ ಯೋಚಿಸಿದ್ದೆ: ದಿನಗಳು ಹೆಚ್ಚಿದಷ್ಟೂ ಖರ್ಚು ಹೆಚ್ಚು, ಆದಕಾರಣ ಇಪ್ಪತ್ತು ದಿನಗಳಲ್ಲಿ ಮುಗಿಸಬೇಕು. ಆದರೆ ಬಾಬುಗಳನ್ನು ಬೇರೆಬೇರೆಯಾಗಿ ಬರೆದು ನೋಡಿದಾಗ ಚಿತ್ರವೇ ತಿರುಗಿಬಿತ್ತು. ಅಡ್ಡದಾರಿಗಳೆಲ್ಲ ಸೇರಿ 7,500 ಕಿಲೋಮೀಟರು. ನಮ್ಮ ವ್ಯಾನು ಅರುವತ್ತರ ವೇಗದಲ್ಲಿ ಲೀಟರಿಗೆ ಹದಿನೈದು ಕೊಡುತ್ತದೆ. ಐನೂರು ಲೀಟರು ಪೆಟ್ರೋಲು, ಲೀಟರಿಗೆ ಸರಾಸರಿ ನೂರು ರೂಪಾಯಿಯೆಂದರೆ 50,000. ಇದು ಇಪ್ಪತ್ತು ದಿನಕ್ಕೂ ಅಷ್ಟೆ, ಅರುವತ್ತು ದಿನಕ್ಕೂ ಅಷ್ಟೆ. ದೂರಕ್ಕೆ ಕಟ್ಟಬೇಕಾದ ಕಂದಾಯವದು; ದಿನಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಾಡಿ ನಿಂತ ದಿನ ನಮಗೆ ತಗಲುವುದು ಊಟದ 400 ರೂಪಾಯಿ ಮತ್ತು ವಸತಿಯ ಸರಾಸರಿ 270 ರೂಪಾಯಿ; ಒಟ್ಟು ಏಳುನೂರರ ಒಳಗೆ. ಗಾಡಿ ಇನ್ನೂರು ಕಿಲೋಮೀಟರು ಓಡಿದ ದಿನ ಅದರ ಮೇಲೆ 1,300 ರೂಪಾಯಿಯ ಪೆಟ್ರೋಲು ಬೀಳುತ್ತದೆ. ಅಷ್ಟೇ ಅಲ್ಲದೆ, ದಿನಕ್ಕೆ ನಾನೂರು ಕಿಲೋಮೀಟರು ಓಡಿಸಿ ಬಳಲಿದವನು ರಾತ್ರಿ ಒಲೆ ಹಚ್ಚಲಾರ, ಛತ್ರ ಹುಡುಕಲಾರ. ಎದುರಿಗೆ ಕಂಡ ಹೋಟೆಲಿನಲ್ಲಿ ಕೇಳಿದಷ್ಟು ಕೊಟ್ಟು ಮಲಗುತ್ತಾನೆ. ಆಯಾಸವೇ ಪ್ರಯಾಣದ ದೊಡ್ಡ ಖರ್ಚು ಎಂಬುದನ್ನು ಯಾವ ಪ್ರವಾಸೀ ಕೈಪಿಡಿಯೂ ನನಗೆ ತಿಳಿಸಿರಲಿಲ್ಲ.

ಆದ್ದರಿಂದ ನಿಯಮ ಹೀಗೆ ನಿಂತಿತು: ಒಂದು ದಿನ ಇನ್ನೂರರಿಂದ ಇನ್ನೂರೈವತ್ತು ಕಿಲೋಮೀಟರಿನ ಮಜಲು, ಮರುದಿನ ನಿಲುಗಡೆ. ಬೆಳಗ್ಗೆ ಆರಕ್ಕೆ ಹೊರಟು ಮಧ್ಯಾಹ್ನ ಒಂದರೊಳಗೆ ತಂಗುದಾಣ ಸೇರತಕ್ಕದ್ದು. ಸೂರ್ಯಾಸ್ತವಾದ ಮೇಲೆ ಸ್ಟಿಯರಿಂಗನ್ನು ಮುಟ್ಟತಕ್ಕದ್ದಲ್ಲ.

> ಅರುವತ್ತು ದಿನದ ಆಯವ್ಯಯ (ಇಬ್ಬರಿಗೆ)
> ಪೆಟ್ರೋಲು ರೂ. 50,000. ಊಟ, ಹಾಲು, ತರಕಾರಿ ರೂ. 24,000. ಇಪ್ಪತ್ತು ರಾತ್ರಿ ಕೋಣೆ ಬಾಡಿಗೆ, 800ರಂತೆ, ರೂ. 16,000, ಉಳಿದ ರಾತ್ರಿಗಳು ವ್ಯಾನು, ಧರ್ಮಶಾಲೆ, ಗುರುದ್ವಾರಗಳಲ್ಲಿ. ಹೊರಡುವ ಮುನ್ನ ನಾಲ್ಕು ಟೈರು, ಬೆಲ್ಟು, ಹೋಸು, ಬ್ರೇಕಿನ ಕೆಲಸ ರೂ. 18,000. ದಾರಿಯ ರಿಪೇರಿಗೆಂದು ಮುಟ್ಟದೆ ಇಡುವ ಹಣ ರೂ. 15,000. ಪ್ರವೇಶ ಶುಲ್ಕ, ದೋಣಿ ಇತ್ಯಾದಿ ರೂ. 6,000. ಟೋಲಿಗೆ ರೂ. 3,000: 2025ರ ಆಗಸ್ಟ್ 15ರಿಂದ ಜಾರಿಗೆ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸು ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಒಂದು ವರ್ಷ ಅಥವಾ 200 ಸಲ ದಾಟುವವರೆಗೆ ಸಲ್ಲುತ್ತದೆ. ಆದರೆ ಅದು ರಾಷ್ಟ್ರೀಯ ಹೆದ್ದಾರಿಗಳಿಗೂ ರಾಷ್ಟ್ರೀಯ ಎಕ್ಸ್‌ಪ್ರೆಸ್ ದಾರಿಗಳಿಗೂ ಮಾತ್ರ. ರಾಜ್ಯ ಹೆದ್ದಾರಿಯ ಟೋಲಿಗೆ ಬೇರೆ ಹಣ ತೆರಬೇಕು.

ಹೊರಡುವ ಕಾಲವನ್ನು ಆರಿಸಿದವಳು ನಮ್ಮಾಕೆ. ನಾನು ಸಂಕ್ರಾಂತಿಯ ಮರುದಿನವೆಂದಿದ್ದೆ. ‘ಹೋಗುವಾಗೇನೋ ಸರಿ, ಬರುವಾಗ ಮಾರ್ಚ್ ತಿಂಗಳಲ್ಲಿ ನಾಗಪುರದ ಬಿಸಿಲನ್ನು ಈ ತಗಡಿನ ಡಬ್ಬಿಯೊಳಗೆ ಕೂತು ದಾಟಬೇಕಲ್ಲ, ಅದನ್ನ ಯೋಚಿಸಿದಿರಾ?’ ಎಂದಳು. ಯೋಚಿಸಿರಲಿಲ್ಲ. ಎಂಜಿನ್ನು ಸೀಟಿನಡಿಯಲ್ಲಿಯೇ ಇರುವ ಓಮ್ನಿಯಲ್ಲಿ ಮಾರ್ಚಿನ ಮಧ್ಯಾಹ್ನವೇ ಅಸಹನೀಯ.

ವಿಜಯದಶಮಿಯಾದರೆ ಎಲ್ಲವೂ ಕೂಡಿಬರುತ್ತದೆ. ಅದು ಸೀಮೋಲ್ಲಂಘನದ ದಿನ, ಮುಹೂರ್ತ ಕೇಳಬೇಕಾಗಿಲ್ಲ. ಹಿಂದಿನ ದಿನ ಆಯುಧಪೂಜೆಗೆ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸುವುದು ಹೇಗೂ ಇದ್ದೇ ಇದೆ. 2025ರಲ್ಲಿ ಹಬ್ಬ ಅಕ್ಟೋಬರ್ 2ಕ್ಕೇ ಬಿದ್ದಿರುವುದರಿಂದ, ಮುಂಗಾರು ತೊಳೆದಿಟ್ಟ ದಖನ್ನಿನ ಹಸುರಿನ ನಡುವೆ ಹೊರಟು, ದೀಪಾವಳಿಯ ಹೊತ್ತಿಗೆ ಬುಂದೇಲಖಂಡವನ್ನೂ, ರಾಜ್ಯೋತ್ಸವದ ಹೊತ್ತಿಗೆ ಕಾಶ್ಮೀರವನ್ನೂ ಮುಟ್ಟಬಹುದು. ಮರಳುವಾಗ ಪಂಜಾಬು, ಹರಿಯಾಣ, ಆಗ್ರಾ ಪ್ರಾಂತಗಳನ್ನು ಡಿಸೆಂಬರಿನ ದಟ್ಟ ಮಂಜು ಕವಿಯುವ ಮೊದಲೇ ದಾಟಿ, ನವೆಂಬರಿನ ಮೂರನೆಯ ವಾರದಲ್ಲಿ ನಾಗಪುರದಲ್ಲಿ ಕಿತ್ತಳೆಯ ರಾಶಿಗಳ ನಡುವೆ ಇಳಿಯಬಹುದು.

ಇನ್ನು ಗಾಡಿಯ ಮಾತು. 1984ರಲ್ಲಿ ಮಾರುತಿ ವ್ಯಾನೆಂಬ ಹೆಸರಿನಲ್ಲಿ ಬಂದು, ಮುಂದೆ ಓಮ್ನಿಯಾಗಿ, 2019ರಲ್ಲಿ ತಯಾರಿಕೆ ನಿಂತುಹೋದ ಈ ವಾಹನವನ್ನು ಅರಿಯದವರಿಲ್ಲ. ಶಾಲೆಯ ಮಕ್ಕಳನ್ನೂ, ಹಾಲಿನ ಕ್ಯಾನುಗಳನ್ನೂ, ರೋಗಿಗಳನ್ನೂ, ಮದುವೆಯ ದಿಬ್ಬಣವನ್ನೂ ಹೊತ್ತ ಗಾಡಿಯದು. 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು, ನಾಲ್ಕು ಗೇರು, ಸರಿದಾಡುವ ಬಾಗಿಲು. ದೇಶದ ಯಾವ ತಾಲ್ಲೂಕು ಕೇಂದ್ರದಲ್ಲಿಯೂ ಇದರ ರಿಪೇರಿ ಬಲ್ಲವನೊಬ್ಬ ಸಿಕ್ಕೇ ಸಿಗುತ್ತಾನೆ. ಮೊದಲ ಯಾತ್ರೆಗೆ ಇದಕ್ಕಿಂತ ಹೆಚ್ಚಿನ ಭರವಸೆಯನ್ನು ಯಾವ ಹೊಸ ಗಾಡಿಯೂ ಕೊಡಲಾರದು.

ಒಳಗೆ ಮಲಗುವ ವ್ಯವಸ್ಥೆಗೆ ಸೀಟುಗಳನ್ನೆಲ್ಲ ಕಿತ್ತು ಮಂಚ, ಅಡುಗೆ ಕಪಾಟು ಕೂರಿಸಿಕೊಳ್ಳುವವರಿದ್ದಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ರೂಪವನ್ನು ಮಾಲೀಕನು ತನ್ನಿಚ್ಛೆಯಂತೆ ಬದಲಿಸುವುದನ್ನು ನಿಷೇಧಿಸುತ್ತದೆ. ಬದಲಿಸಬೇಕಾದರೆ ಆರ್‌ಟಿಓ ಕಚೇರಿಯ ಒಪ್ಪಿಗೆ ಬೇಕು. ಆದ್ದರಿಂದ ನಾವು ಒಂದು ಮೊಳೆಯನ್ನೂ ಹೊಡೆಯಲಿಲ್ಲ. ನಮ್ಮ ಬೀದಿಯ ಬಡಗಿ, ಹಿಂದಿನ ಸೀಟಿನ ಮಟ್ಟಕ್ಕೆ ಕಾಲುಗಳುಳ್ಳ, ಕೀಲಿನಿಂದ ಮಡಚುವ ಎರಡು ಪ್ಲೈವುಡ್ ಹಲಗೆಗಳನ್ನು ಮಾಡಿಕೊಟ್ಟರು. ರಾತ್ರಿ ಬಿಡಿಸಿದರೆ ಮಂಚ. ಹಗಲು ಮಡಚಿ ನಿಲ್ಲಿಸಿದರೆ ಅದರ ಪಕ್ಕದಲ್ಲಿ ಪಾತ್ರೆಯ ಪೆಟ್ಟಿಗೆ, ನೀರಿನ ಕ್ಯಾನು, ಎರಡು ರಗ್ಗು.

ಹಲಗೆ ಸಿದ್ಧವಾದ ಮಾತ್ರಕ್ಕೆ ಯಾತ್ರೆ ಸಿದ್ಧವಾಗುವುದಿಲ್ಲವೆಂಬುದನ್ನು ಕಲಿಸಿದ್ದು ಆಗಸ್ಟಿನಲ್ಲಿ ನಾವು ಲೇಪಾಕ್ಷಿ-ಪೆನುಕೊಂಡೆಗಳಿಗೆ ಮಾಡಿದ ಎರಡು ರಾತ್ರಿಯ ಪರೀಕ್ಷಾಪ್ರಯಾಣ. ದೊಡ್ಡ ಯಾತ್ರೆಗೆ ಮುನ್ನ ಮನೆಯಿಂದ ನೂರು ಕಿಲೋಮೀಟರಿನೊಳಗೆ ಹೀಗೊಂದು ಚಿಕ್ಕ ಪ್ರಯಾಣವನ್ನು ಮಾಡದೆ ಯಾರೂ ಹೊರಡಬಾರದೆಂದು ನಾನು ಬಲವಾಗಿ ಹೇಳುತ್ತೇನೆ.

ಮೊದಲ ರಾತ್ರಿ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ಸಂಜೆಯ ಪಾಳಿಯವನ ಒಪ್ಪಿಗೆ ಪಡೆದು ಗಾಡಿ ನಿಲ್ಲಿಸಿದ್ದೆವು. ಹನ್ನೊಂದು ಗಂಟೆಗೆ ಪಾಳಿ ಬದಲಾಯಿತು. ಹೊಸದಾಗಿ ಬಂದವನು ಗಾಜು ತಟ್ಟಿ ಎಬ್ಬಿಸಿ, ಇಲ್ಲಿ ಮಲಗುವಂತಿಲ್ಲವೆಂದನು. ನಿದ್ದೆಗಣ್ಣಿನಲ್ಲಿ ಹೊರಬಿದ್ದು, ಲಾರಿಗಳು ಸಾಲಾಗಿ ನಿಂತಿದ್ದ ಒಂದು ಢಾಬಾದ ಅಂಗಳವನ್ನು ಸೇರಿದೆವು. ರಾತ್ರಿಯ ಪಾಳಿಯವನನ್ನೇ ಕಂಡು ಕೇಳಬೇಕೆಂಬುದು ಅಂದಿನ ಪಾಠ. ಢಾಬಾದ ಯಜಮಾನರು ಕೇಳಿದ್ದು ಒಂದೇ ಮಾತು: ‘ಊಟ ಆಯಿತಾ?’ ಲಾರಿಯವರು ತಂಗುವ ಜಾಗದಲ್ಲಿ ಊಟ ಮಾಡಿ, ಅನುಮತಿ ಕೇಳಿ, ಬೆಳಕಿನ ಕಂಬದಡಿಯಲ್ಲಿ ನಿಲ್ಲಿಸಿದರೆ ನಿಶ್ಚಿಂತೆ.

ನಿಶ್ಚಿಂತೆಯಿಂದ ಮಲಗಿದ ಮೇಲೆ ಎರಡನೆಯ ಪಾಠ. ಸೊಳ್ಳೆಗಂಜಿ ಗಾಜುಗಳನ್ನೆಲ್ಲ ಏರಿಸಿದ್ದೆವು. ಎರಡು ಗಂಟೆಗೆ ಮುಖದ ಮೇಲೆ ತಣ್ಣನೆಯ ಹನಿಯೊಂದು ಬಿದ್ದು ಎಚ್ಚರವಾಯಿತು. ಟಾರ್ಚು ಬಿಟ್ಟು ನೋಡಿದರೆ, ಇಬ್ಬರ ಉಸಿರೂ ತಗಡಿನ ಮಾಡಿಗೆ ತಾಗಿ ನೀರಾಗಿ, ಮುತ್ತಿನ ಸಾಲಿನಂತೆ ನಿಂತು, ಒಂದೊಂದಾಗಿ ತೊಟ್ಟಿಕ್ಕುತ್ತಿತ್ತು. ಊರಿಗೆ ಬಂದವಳೇ ನಮ್ಮಾಕೆ ಹಳೆಯ ಸೊಳ್ಳೆಪರದೆಯನ್ನು ಕಿಟಕಿಗಳ ಅಳತೆಗೆ ಕತ್ತರಿಸಿ, ಅಂಚಿಗೆ ರವಿಕೆಯ ಬಟ್ಟೆಯ ಪಟ್ಟಿ ಕೊಟ್ಟು, ಪಟ್ಟಿಯೊಳಗೆ ಗೇಣಿಗೊಂದರಂತೆ ಚಿಕ್ಕ ಅಯಸ್ಕಾಂತದ ಬಿಲ್ಲೆಗಳನ್ನು ಇಟ್ಟು ಹೊಲಿದಳು. ಬಾಗಿಲ ತಗಡಿಗೆ ಅದು ಟಪ್ಪೆಂದು ಅಂಟಿಕೊಳ್ಳುತ್ತದೆ. ಗಾಜು ನಾಲ್ಕು ಬೆರಳು ಇಳಿಸಿದರೆ ಗಾಳಿ ಒಳಗೆ, ಸೊಳ್ಳೆ ಹೊರಗೆ. ಈ ಇಡೀ ಸಿದ್ಧತೆಯಲ್ಲಿ ಅತ್ಯಂತ ಉಪಯುಕ್ತವಾದ ವಸ್ತು ಯಾವುದೆಂದು ಕೇಳಿದರೆ ನಾನು ಆ ಪರದೆಯನ್ನೇ ತೋರಿಸುವೆನು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಲೆಯಾಗಲಿ, ಇದ್ದಿಲ ಅಗ್ಗಿಷ್ಟಿಕೆಯಾಗಲಿ ವ್ಯಾನಿನೊಳಗೆ ಹೊತ್ತಿಸಕೂಡದು. ಎಂಜಿನ್ನು ಚಾಲೂ ಇಟ್ಟು ಮಲಗಕೂಡದು. ಮುಚ್ಚಿದ ಜಾಗದಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ನಮ್ಮ ಚಿಕ್ಕ ಒಲೆ ಹತ್ತುವುದು ಗಾಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಬಯಲಲ್ಲಿ.

ಅಡುಗೆಗೆಂದು ಮೂರು ಲೀಟರಿನ ಕುಕ್ಕರು, ಒಂದು ಬಾಣಲೆ, ಎರಡು ತಟ್ಟೆ. ರಾಗಿಹಿಟ್ಟು, ಅವಲಕ್ಕಿ, ಹುರಿಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮನೆಯಿಂದ. ಅಕ್ಕಿ, ತರಕಾರಿ, ಹಾಲು ದಾರಿಯಿಂದ. ಬೆಳಗಿನ ಅವಲಕ್ಕಿ, ಸಂಜೆಯ ಮುದ್ದೆ-ಸಾರು ನಮ್ಮದು. ಮಧ್ಯಾಹ್ನದ ಊಟ ಆಯಾ ಊರಿನದು. ಕರ್ನೂಲಿನಲ್ಲಿ ಜೋಳದ ರೊಟ್ಟಿ, ನಾಗಪುರದ ಕಡೆ ಝುಣಕ-ಭಾಕರಿ, ಬುಂದೇಲಖಂಡದಲ್ಲಿ ಬೇಳೆ-ಬಾಟಿ. ಊರಿನ ಊಟವನ್ನು ಒಂದು ಹೊತ್ತಾದರೂ ಉಣ್ಣದೆ ಹೋದವನು ಆ ಊರಿಗೆ ಹೋಗಿ ಬಂದೆನೆಂದು ಹೇಳಬಾರದು.

ನಿಲುಗಡೆಗಳನ್ನು ಆರಿಸುವಾಗ, ಹೆಸರುವಾಸಿಯಾದ ಸ್ಥಳಗಳಿಗಿಂತ ಹೆದ್ದಾರಿಗೆ ಹತ್ತಿರವಾಗಿದ್ದೂ ಜನ ದಾಟಿಹೋಗುವ ಸ್ಥಳಗಳಿಗೆ ಮೊದಲ ಮನ್ನಣೆ ಕೊಟ್ಟಿದ್ದೇವೆ. 1565ರ ತಾಳಿಕೋಟೆಯ ಸೋಲಿನ ತರುವಾಯ ವಿಜಯನಗರದ ಅರಸರು ಆಶ್ರಯಿಸಿದ ಪೆನುಕೊಂಡೆ ಮೊದಲನೆಯದು. ಕರ್ನೂಲಿನ ಆಚೆ, ತುಂಗಭದ್ರೆಯ ದಡದ ಆಲಂಪುರ ಎರಡನೆಯದು. ಬಾದಾಮಿಯ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ದೇವಾಲಯಗಳು ಅಲ್ಲಿವೆ. ಪಟ್ಟದಕಲ್ಲನ್ನು ಕಂಡ ಕನ್ನಡಿಗನಿಗೆ ಆ ಶಿಖರಗಳು, ದೂರದೂರಿನಲ್ಲಿ ಸಿಕ್ಕ ಸೋದರಮಾವನ ಮುಖದಂತೆ, ಕಂಡೊಡನೆ ಗುರುತು ಹತ್ತುತ್ತವೆ. ಅಲ್ಲಿ ಎರಡು ದಿನ.

ನಾಗಪುರದಿಂದ ಸಿವನಿಗೆ ಹೋಗುವ ದಾರಿ ಪೆಂಚ್ ಹುಲಿಯರಣ್ಯವನ್ನು ಸೀಳಿಕೊಂಡು ಹೋಗುತ್ತದೆ. ರಸ್ತೆಯನ್ನು ಅಗಲಗೊಳಿಸುವಾಗ, ನ್ಯಾಯಾಲಯಗಳವರೆಗೆ ಹೋದ ವ್ಯಾಜ್ಯದ ಫಲವಾಗಿ, ಮಹಾರಾಷ್ಟ್ರದ ಭಾಗದಲ್ಲಿ ಒಂಬತ್ತು ಕಡೆ ಹೆದ್ದಾರಿಯನ್ನೇ ಕಂಬಗಳ ಮೇಲೆತ್ತಿ ಪ್ರಾಣಿಗಳಿಗೆ ಕೆಳಗಿನಿಂದ ದಾರಿ ಬಿಡಲಾಯಿತು. ಅವುಗಳಲ್ಲಿ ಉದ್ದನೆಯದು 750 ಮೀಟರು. ಹುಲಿ, ಜಿಂಕೆ, ಕಾಡುನಾಯಿಗಳು ಆ ನೆರಳಿನಲ್ಲಿ ನಡೆದುಹೋಗುವುದನ್ನು ಕ್ಯಾಮೆರಾಗಳು ಸೆರೆಹಿಡಿದಿವೆ. ಮೇಲೆ ನಮ್ಮ ಮಜಲು, ಕೆಳಗೆ ಹುಲಿಯ ಮಜಲು. ಹೆದ್ದಾರಿ ಕಟ್ಟುವವರು ಈ ದೇಶದಲ್ಲಿ ಮಾಡಿದ ಸತ್ಕಾರ್ಯಗಳಲ್ಲಿ ಇದನ್ನು ನಾನು ಮೊದಲ ಸಾಲಿನಲ್ಲಿ ನಿಲ್ಲಿಸುತ್ತೇನೆ.

ನರಸಿಂಹಪುರ ಕಳೆದ ಮೇಲೆ ಬರ್ಮಾನ್ ಘಾಟಿನಲ್ಲಿ ನರ್ಮದೆ. ಲಲಿತಪುರದಿಂದ ಒಳಕ್ಕೆ ಹೋದರೆ ಬೇತ್ವಾ ನದಿಯ ಮೇಲಣ ದೇವಗಢದ ಗುಪ್ತರ ಕಾಲದ ದಶಾವತಾರ ದೇವಾಲಯ. ಝಾನ್ಸಿಯ ಬಳಿ ಅದೇ ನದಿಯ ದಡದಲ್ಲಿ, ಶ್ರೀರಾಮನನ್ನು ಅರಸನೆಂದೇ ಪೂಜಿಸುವ ಓರ್ಛಾ. ನಮ್ಮ ದೀಪಾವಳಿ ಅಲ್ಲಿಯೇ. ಗ್ವಾಲಿಯರ್ ಕೋಟೆಯ ಚತುರ್ಭುಜ ಗುಡಿಯ ಗೋಡೆಯಲ್ಲಿ, ಹೂದೋಟವೊಂದರ ಅಳತೆಯನ್ನು ಹೇಳುವ 876ನೆಯ ಇಸವಿಯ ಶಾಸನದಲ್ಲಿ, 270 ಎಂಬ ಸಂಖ್ಯೆಯ ಕೊನೆಗೆ ಪುಟ್ಟದೊಂದು ವೃತ್ತವಿದೆ. ನಾವಿಂದು ಬರೆಯುವಂತೆಯೇ ಬರೆದ ಸೊನ್ನೆ. ಮೂವತ್ತೊಂದು ವರ್ಷ ಸಾವಿರಾರು ಮಕ್ಕಳ ಪುಸ್ತಕಗಳಲ್ಲಿ ಆ ವೃತ್ತವನ್ನು ತಿದ್ದಿದ ನನಗೆ, ಅದರ ಮುಂದೆ ಒಂದು ಗಳಿಗೆ ಕೈಮುಗಿದು ನಿಲ್ಲುವುದು ತೀರಿಸಬೇಕಾದ ಋಣ.

> ಹಳೆಯ ಮೈಲಿಗಲ್ಲುಗಳು
> ಆಗ್ರಾದಿಂದ ಲಾಹೋರಿಗೆ ಹೋಗುವ ದಾರಿಯಲ್ಲಿ ಮೊಗಲ್ ಅರಸರು ಕೋಸಿಗೊಂದರಂತೆ ಮೂವತ್ತಡಿ ಎತ್ತರದ ಇಟ್ಟಿಗೆಯ ಗೋಪುರಗಳನ್ನು ಕಟ್ಟಿಸಿದ್ದರು. ಅವೇ ಕೋಸ್ ಮಿನಾರುಗಳು. ಕೋಸೆಂದರೆ ಮೂರು ಕಿಲೋಮೀಟರಿಗೆ ತುಸು ಮಿಕ್ಕಿದ ದೂರ; ನಮ್ಮ ಮೂರು ಮೈಲಿಯ ಹರದಾರಿಗಿಂತ ಕಡಿಮೆ. ಹರಿಯಾಣದಲ್ಲಿ ಹೆದ್ದಾರಿಯ ಆಸುಪಾಸಿನ ಹೊಲಗಳಲ್ಲಿ, ಮನೆಗಳ ಹಿತ್ತಿಲುಗಳಲ್ಲಿ ಇಂದಿಗೂ ಅವು ನಿಂತಿವೆ. ದೆಹಲಿಯ ಮೃಗಾಲಯದೊಳಗೂ ಒಂದುಂಟು.

ದೆಹಲಿಯನ್ನು ಮೊದಲ ಯಾತ್ರೆಯಲ್ಲಿ ಹೊರಗಿನಿಂದಲೇ ನಮಸ್ಕರಿಸಿ ಹೋಗುವುದು ಲೇಸು. ಹಳೆಯ ಗಾಡಿಗಳ ಮೇಲೆ, ವಿಶೇಷವಾಗಿ ಹದಿನೈದು ವರ್ಷ ಮೀರಿದ ಪೆಟ್ರೋಲ್ ಮತ್ತು ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ, ರಾಜಧಾನಿ ಪ್ರದೇಶದಲ್ಲಿ ನಿರ್ಬಂಧಗಳಿವೆ. ಅವು ನ್ಯಾಯಾಲಯದ ಆದೇಶಗಳಿಗನುಸಾರವಾಗಿ ಮಾರ್ಪಡುತ್ತಿವೆ. ಚಳಿಗಾಲದಲ್ಲಿ ಗಾಳಿ ಕೆಟ್ಟಾಗ ಬೇರೆ ನಿರ್ಬಂಧಗಳೂ ಸೇರುತ್ತವೆ. ಪಲ್ವಲಿನಲ್ಲಿ ಬಲಕ್ಕೆ ತಿರುಗಿ, 2018ರಲ್ಲಿ ತೆರೆದ ಪೂರ್ವದ ಹೊರವರ್ತುಲ ದಾರಿಯನ್ನು ಹಿಡಿದರೆ, ಊರೊಳಗೆ ಕಾಲಿಡದೆ ಕುಂಡ್ಲಿಯಲ್ಲಿ ಮತ್ತೆ ನಮ್ಮ ಹೆದ್ದಾರಿ ಸಿಗುತ್ತದೆ.

ಪಂಜಾಬಿನಲ್ಲಿ ತಂಗುವ ಚಿಂತೆಯಿಲ್ಲ. ಫತೇಗಢ ಸಾಹಿಬಿನಂಥ ಗುರುದ್ವಾರಗಳಲ್ಲಿ ಯಾತ್ರಿಕರಿಗೆ ಕೋಣೆಗಳಿವೆ. ಲಂಗರಿನಲ್ಲಿ ಎಲ್ಲರಿಗೂ ಊಟವಿದೆ. ಆದರೆ ಅದನ್ನು ಖರ್ಚು ಉಳಿಸುವ ಉಪಾಯವೆಂದು ಬಗೆಯುವುದು ಅಲ್ಲಿಯ ಅನ್ನಕ್ಕೆ ಮಾಡುವ ಅಪಚಾರ. ತಲೆಗೆ ವಸ್ತ್ರ ಹೊದೆದು, ಪಂಕ್ತಿಯಲ್ಲಿ ಕುಳಿತು ಉಂಡವರು, ಒಂದು ಗಂಟೆ ತಟ್ಟೆ ತೊಳೆಯುವ ಇಲ್ಲವೆ ರೊಟ್ಟಿ ಲಟ್ಟಿಸುವ ಸೇವೆಗೆ ನಿಂತು ಹೊರಡಬೇಕು. ನಮ್ಮಾಕೆ ಈಗಾಗಲೇ ಆ ಗಂಟೆಯನ್ನು ಪಟ್ಟಿಯಲ್ಲಿ ಬರೆದಿಟ್ಟಿದ್ದಾಳೆ.

ಜಮ್ಮುವಿನಿಂದಾಚೆಯ ಇನ್ನೂರೈವತ್ತು ಕಿಲೋಮೀಟರುಗಳನ್ನು ಮಾತ್ರ ನಾವು ಪೆನ್ಸಿಲಿನಲ್ಲಿ ಬರೆದಿದ್ದೇವೆ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯ ಹತ್ಯೆಯಾಯಿತು. ಮಡಿದವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆ ಶೋಕವನ್ನು ಮರೆತು ಕಾಶ್ಮೀರದ ಸೊಬಗನ್ನಷ್ಟೇ ವರ್ಣಿಸುವುದು ನನ್ನಿಂದಾಗದು. ಅದೇ ವರ್ಷದ ಆಗಸ್ಟಿನ ಕೊನೆಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ ಉಧಂಪುರದ ಬಳಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿ, ನನ್ನ ಕಿಟಕಿಯ ಮುಂದೆ ಹಾಯಬೇಕಾಗಿದ್ದ ಅದೇ ಸೇಬಿನ ಲಾರಿಗಳು ಅಲ್ಲಿಯೇ ನಿಂತು, ಹಣ್ಣು ಪೆಟ್ಟಿಗೆಯಲ್ಲೇ ಕೊಳೆಯಿತು. ಜಮ್ಮುವಿನಲ್ಲಿ ಎರಡು ದಿನ ನಿಂತು, ಸಂಚಾರ ಪೊಲೀಸರ ಪ್ರಕಟಣೆಯನ್ನೂ ಮೇಲಿನಿಂದ ಇಳಿದುಬಂದ ಲಾರಿಯವರನ್ನೂ ವಿಚಾರಿಸಿಯೇ ಮುಂದಡಿಯಿಡುವುದು. ದಾರಿಯಿಲ್ಲವೆಂದರೆ, ಆ ದಿನಗಳನ್ನು ಕಾಂಗ್ಡಾ ಕಣಿವೆಗೆ ಕೊಟ್ಟು ಹಿಂದಿರುಗುವುದು. ಹಿಂದಿರುಗಲು ಮನಸ್ಸು ಗಟ್ಟಿಮಾಡಿಕೊಳ್ಳದವನು ಘಾಟಿಯನ್ನು ಏರಬಾರದು.

ದಾರಿ ತೆರೆದಿದ್ದರೆ, 2017ರಲ್ಲಿ ತೆರೆದ ಒಂಬತ್ತು ಕಿಲೋಮೀಟರಿನ ಚೆನಾನಿ-ನಾಶ್ರಿ ಸುರಂಗವನ್ನೂ, 1956ರ ಜವಾಹರ್ ಸುರಂಗದ ಹೊರೆಯನ್ನು 2021ರಲ್ಲಿ ತನ್ನ ಮೇಲೆ ಹೊತ್ತುಕೊಂಡ ಬನಿಹಾಲ್-ಖಾಜಿಗುಂಡ್ ಸುರಂಗವನ್ನೂ ದಾಟಿ ಕಣಿವೆಗಿಳಿಯಬೇಕು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಸೆಕೆಂಡ್ ಗೇರಿನಲ್ಲಿ ಇಳಿಸಬೇಕೆಂಬುದು ನಮ್ಮ ಮೆಕ್ಯಾನಿಕ್ಕಿನ ಕಟ್ಟಪ್ಪಣೆ.

ಶ್ರೀನಗರಕ್ಕೆ ಹದಿನೈದು ಕಿಲೋಮೀಟರು ಮೊದಲು ಹೆದ್ದಾರಿಯ ಬದಿಯಲ್ಲಿ ಪಾಂಪೋರಿನ ಕೇಸರಿಯ ಹೊಲಗಳಿವೆ. ಅಕ್ಟೋಬರಿನ ಕೊನೆಯಿಂದ ಎರಡು ಮೂರು ವಾರ ಮಾತ್ರ, ಬೋಳು ನೆಲದಿಂದ ನೇರವಾಗಿ ನೇರಿಳೆಯ ಹೂಗಳು ಮೇಲೇಳುತ್ತವೆ. ಬಿಸಿಲೇರುವ ಮೊದಲೇ ಹೂ ಕೊಯ್ದು, ಒಂದೊಂದರಿಂದ ಮೂರೇ ಕೆಂಪು ಎಳೆಗಳನ್ನು ಬೆರಳ ತುದಿಯಲ್ಲಿ ಬಿಡಿಸುತ್ತಾರೆ. ಒಂದು ಗ್ರಾಮು ಕೇಸರಿಗೆ ಸುಮಾರು ನೂರೈವತ್ತು ಹೂಗಳು ಬೇಕು. ಅವಸರಕ್ಕೆ ಎಡೆಯೇ ಇಲ್ಲದ ಬೆಳೆಯದು. ಮೂವತ್ತು ದಿನ ನಡೆದು ಹೋದವರಿಗೆ ಅದರೆದುರು ಒಂದು ಬೆಳಗ್ಗೆ ಕೂರುವ ತಾಳ್ಮೆ ಬಂದಿರುತ್ತದೆಂದು ನನ್ನ ನಂಬಿಕೆ.

> ಕೈಯಲ್ಲಿರಬೇಕಾದವು
> ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ, ಚಾಲನಾ ಪರವಾನಗಿ. ಇವುಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೂ ಸಲ್ಲುತ್ತದೆ. ಆದರೂ ಕಾಗದದ ಪ್ರತಿಯೊಂದಿರಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಅಥವಾ ಅಪಘಾತವಾದರೆ 1033. ಬೇರೆ ಯಾವುದೇ ಆಪತ್ತಿಗೆ 112. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ಮು ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ.

ಮರಳುವಾಗಲೂ ಇದೇ ದಾರಿಯೇ, ಬೇರೆ ದಾರಿ ಹಿಡಿಯಬಾರದೇ ಎಂದು ಅನೇಕರು ಕೇಳಿದ್ದಾರೆ. ಮೊದಲ ಯಾತ್ರೆಯಲ್ಲಿ ಹೋದ ದಾರಿಯಲ್ಲಿಯೇ ಹಿಂದಿರುಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಗಾಡಿ ನಿಲ್ಲಿಸುವ ತಾವು ಗೊತ್ತಿರುತ್ತದೆ, ರಿಪೇರಿಯವನ ಪರಿಚಯವಿರುತ್ತದೆ, ಹೋಗುವಾಗ ಬಿಟ್ಟದ್ದನ್ನು ಬರುವಾಗ ನೋಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ತಿಂಗಳ ಹಿಂದೆ ಅಪರಿಚಿತರಾಗಿ ಚಹಾ ಕುಡಿದುಹೋದ ಅಂಗಡಿಗೆ ಮರಳಿ ಬಂದವನನ್ನು ಅಂಗಡಿಯವನು ಗುರುತಿಸಿ ನಗುವ ಸುಖ, ಊರೂರು ಸುತ್ತುವವರಿಗೆ ದೊರೆಯುವುದಿಲ್ಲ.

ಇದನ್ನು ಓದುವ ನಿಮ್ಮ ಮನೆಯ ಮುಂದೆಯೂ ಹಳೆಯದೊಂದು ಗಾಡಿ ನಿಂತಿದ್ದರೆ, ದಸರೆಯ ಪೂಜೆಯನ್ನು ಮಾಡಿ ಮರುದಿನ ಅದನ್ನು ಅಲ್ಲಿಯೇ ನಿಲ್ಲಿಸಬೇಡಿ. ಎರಡು ರಾತ್ರಿಯ ಮಟ್ಟಿಗಾದರೂ ಹೊರಡಿ.

ನಾವು ವಿಜಯದಶಮಿಯ ಬೆಳಗ್ಗೆ ಆರು ಗಂಟೆಗೆ ಹೊರಡುತ್ತೇವೆ. ಮೊದಲ ದಿನದ ಮಜಲು ಪೆನುಕೊಂಡೆ. ಎಂಬತ್ತು ಚಿಲ್ಲರೆ ಕಿಲೋಮೀಟರು.